ಹುಬ್ಬಳ್ಳಿ-ಧಾರವಾಡಕ್ಕೆ ಬನ್ನಿ ಎಂದು ಕರೆಯುವಿರಲ್ಲ, ಯಾರನ್ನು?

ಭಾನುವಾರ ರಾತ್ರಿ ಒಂಬತ್ತರ ನಂತರ ಹುಬ್ಬಳ್ಳಿಯಲ್ಲಿ ಬೆಂಗಳೂರು ಬಸ್ಸುಗಳು ಹೊರಡುವ ಕಡೆ ಒಂದು ತಾಸು ನಿಂತು ನೋಡಿ. ಒಂದರ ಹಿಂದೊಂದು ಬಸ್ಸು. ಒಂದೊಂದರ ಬಾಗಿಲಲ್ಲೂ ಇಪ್ಪತ್ತೆರಡು, ಇಪ್ಪತ್ತೈದು ವಯಸ್ಸಿನ ಹುಡುಗ ಹುಡುಗಿಯರು. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ, ಶೇಂಗಾ ಚಟ್ನಿಯ ಡಬ್ಬಿ. ಅಪ್ಪ ಸ್ಕೂಟರ್ ಮೇಲೆ ಬಿಟ್ಟು ಹೋಗಲು ಬಂದಿರುತ್ತಾನೆ. "ಇಲ್ಲೇ ಏನಾರ ನೋಡಬಾರದೇನೋ ತಮ್ಮಾ?" ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: "ಇಲ್ಲೇನ್ ಐತ್ರೀ?"

ಗೆಳೆಯರೇ, ಈ "ಇಲ್ಲೇನ್ ಐತ್ರೀ" ಎಂಬ ಮಾತಿಗೆ ಉತ್ತರ ಹುಡುಕಲು ಈ ಸಲದ ಸಂಪಾದಕೀಯ ಬರೆಯುತ್ತಿದ್ದೇವೆ.

ಇತ್ತ ಹುಡುಗರು ಬಸ್ಸು ಹತ್ತುತ್ತಿದ್ದರೆ, ಅತ್ತ ಸರ್ಕಾರ ಜಗತ್ತನ್ನೇ ಹುಬ್ಬಳ್ಳಿಗೆ ಕರೆಯುತ್ತಿದೆ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲೇ ಹೂಡಿಕೆದಾರರ ಸಮಾವೇಶ ಮಾಡಿದರು. ಆಮೇಲೆ 'ಬಿಯಾಂಡ್ ಬೆಂಗಳೂರು' ಎಂಬ ಹೆಸರಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಎಂದೆಲ್ಲ ಗುಂಪು ಮಾಡಿದರು. (ಬೆಂಗಳೂರಿನ ಆಚೆ ಎನ್ನುವುದಕ್ಕೂ ಇವರಿಗೆ ಇಂಗ್ಲಿಷೇ ಬೇಕು!) 2025ರ ಫೆಬ್ರವರಿಯಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ನಾಲ್ಕು ದಿನ ಜಾತ್ರೆ ಮಾಡಿ, 10.27 ಲಕ್ಷ ಕೋಟಿ ರೂಪಾಯಿ ಬಂಡವಾಳದ ಭರವಸೆ ಬಂತು, ಅದರಲ್ಲಿ ಹೆಚ್ಚಿನ ಪಾಲು ಬೆಂಗಳೂರಿನ ಹೊರಗೆ ಎಂದು ಘೋಷಿಸಿದರು. ಸಂತೋಷ. ಆದರೆ ಇಂಥ ಸಮಾವೇಶಗಳಲ್ಲಿ ಹಂಚುವ ಹೊಳೆಯುವ ಪುಸ್ತಿಕೆಗಳನ್ನು ತಿರುವಿ ನೋಡಿದ್ದೀರಾ? ಎಕರೆಗೆ ಎಷ್ಟು, ವಿದ್ಯುತ್ತಿಗೆ ಎಷ್ಟು ರಿಯಾಯಿತಿ, ನೋಂದಣಿ ಶುಲ್ಕಕ್ಕೆ ಎಷ್ಟು ವಿನಾಯಿತಿ... ಇದೆಲ್ಲದರ ಜತೆ ಅದೇ ಉಸಿರಿನಲ್ಲಿ "ಅಗ್ಗದ ಕೂಲಿ ಸಿಗುತ್ತದೆ" ಎಂಬ ಅರ್ಥದ ಒಂದು ನಯವಾದ ಸಾಲು. ಆ ಅಗ್ಗದ ಕೂಲಿ ಅಂದರೆ ಯಾರು? ಬಸ್ಸಿನ ಬಾಗಿಲಲ್ಲಿ ನಿಂತ ಅದೇ ನಮ್ಮ ತಮ್ಮ!

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಹುಬ್ಬಳ್ಳಿ-ಧಾರವಾಡಕ್ಕೆ ಪ್ರಚಾರ ಬೇಡ ಎನ್ನುವವರು ನಾವಲ್ಲ. ಬೇಕು, ಇನ್ನೂ ಜೋರಾಗಿ ಬೇಕು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುವುದು ಯಾರಿಗೂ ಒಳ್ಳೆಯದಲ್ಲ, ಬೆಂಗಳೂರಿಗಂತೂ ಅಲ್ಲವೇ ಅಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿ ಹೇಳಿತ್ತು: ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲೂ ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಎಂಟು ವರ್ಷದಲ್ಲಿ 31 ಸಾವಿರ ಕೋಟಿ ಖರ್ಚು ಮಾಡಿ ಸರಿಪಡಿಸಿ ಎಂದಿತ್ತು. ಎಂಟಲ್ಲ, ಇಪ್ಪತ್ತು ವರ್ಷ ದಾಟಿತು. ಭಾನುವಾರದ ಬಸ್ಸು ಮಾತ್ರ ಖಾಲಿ ಹೋಗುತ್ತಿಲ್ಲ.

ಇನ್ನು "ಇಲ್ಲೇನ್ ಐತ್ರೀ" ಎನ್ನುವವರಿಗೆ ಕೇಳೋಣ. ಏನಿಲ್ಲ? 1890ರಲ್ಲಿ ಕನ್ನಡಕ್ಕಾಗಿ ವಿದ್ಯಾವರ್ಧಕ ಸಂಘ ಕಟ್ಟಿದ ಊರು ಧಾರವಾಡ. ಕರ್ನಾಟಕ ಕಾಲೇಜಿಗೆ ನೂರು ವರ್ಷ ದಾಟಿದೆ. 1947ರಿಂದ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು ಎಂಜಿನಿಯರುಗಳನ್ನು ತಯಾರು ಮಾಡಿ ಊರೂರಿಗೆ ಕಳಿಸುತ್ತಿದೆ. ಕೃಷಿ ವಿಶ್ವವಿದ್ಯಾಲಯ, ಕಾನೂನು ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, 2016ರಿಂದ ಐಐಟಿ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ. ಅದನ್ನೂ ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ, ಜನ ಬೀದಿಗಿಳಿದು ಪಡೆದರು. 2008ರಿಂದ ಹೈಕೋರ್ಟ್ ಪೀಠ. ಬೇಲೂರು, ಮುಮ್ಮಿಗಟ್ಟಿ, ತಾರಿಹಾಳ, ಗಾಮನಗಟ್ಟಿ ಕೈಗಾರಿಕಾ ಪ್ರದೇಶಗಳು. ದೇಶದ ಎಷ್ಟೋ ಊರುಗಳಲ್ಲಿ ಓಡುವ ಟಾಟಾ ಬಸ್ಸು, ಮಣ್ಣು ಅಗೆಯುವ ಟಾಟಾ ಹಿಟಾಚಿ ಯಂತ್ರ ಧಾರವಾಡದ ಕಾರ್ಮಿಕರ ಕೈಯಲ್ಲಿ ರೂಪಗೊಂಡವು. ಸುತ್ತ ಹತ್ತಿ, ಮೆಣಸಿನಕಾಯಿ, ಜೋಳ, ಶೇಂಗಾ ಬೆಳೆಯುವ ಕಪ್ಪು ಮಣ್ಣು. ಅಮರಗೋಳದ ದೊಡ್ಡ ಮಾರುಕಟ್ಟೆ. ಗೋವಾ ಬಂದರಿಗೂ ಕಾರವಾರಕ್ಕೂ ಹತ್ತಿರ, ಮುಂಬೈ-ಬೆಂಗಳೂರು ಹೆದ್ದಾರಿಯ ನಡುವೆ.

ಬಾಳುವುದಕ್ಕೆ? ಉಣಕಲ್ ಕೆರೆ ದಂಡೆ, ಸಾಧನಕೇರಿ, ದುರ್ಗದಬೈಲಿನ ಸಂಜೆಯ ಗಿರಮಿಟ್ಟು ಮಿರ್ಚಿ, ಖಾನಾವಳಿಯ ಬಿಸಿ ರೊಟ್ಟಿ. ಇಲ್ಲಿ ಕೆಲಸ ಮುಗಿಸಿದವನು ಹಗಲಿರುವಾಗಲೇ ಮನೆ ಸೇರಬಹುದು. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ದಿನಕ್ಕೆ ಎರಡು ತಾಸು ಕಳೆಯುವ ನಿಮಗೆ ಇದರ ಬೆಲೆ ನಾವು ಹೇಳಬೇಕೆ? ಎರಡು ಊರಿನ ನಡುವೆ 22 ಕಿಲೋಮೀಟರ್ ಉದ್ದಕ್ಕೂ 'ಚಿಗರಿ' ಬಸ್ಸಿಗೇ ಪ್ರತ್ಯೇಕ ದಾರಿ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲಿ ತರಕಾರಿ ಕೊಳ್ಳಲು, ಆಟೋ ಹತ್ತಲು, ಬಾಡಿಗೆ ಮನೆ ಕೇಳಲು ಬೇರೆ ಭಾಷೆ ಹುಡುಕಬೇಕಾಗಿಲ್ಲ. ಕನ್ನಡ ಇಲ್ಲಿ ಹೋರಾಟದ ವಿಷಯವಲ್ಲ, ಚಹಾ ಅಂಗಡಿಯ ಮಾತು.

ಇಷ್ಟೆಲ್ಲ ಇದ್ದೂ ಊರು ಖಾಲಿಯಾಗುತ್ತಿದೆ ಎಂದರೆ ಎಲ್ಲೋ ಲೆಕ್ಕ ತಪ್ಪಿದೆ. 2023ರ ಮಾರ್ಚಿಯಲ್ಲಿ ಹುಬ್ಬಳ್ಳಿ ನಿಲ್ದಾಣದಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಅತಿ ಉದ್ದವಂತೆ. ಹೆಮ್ಮೆಯೇ ಸರಿ. ಆದರೆ ಅಷ್ಟುದ್ದದ ಪ್ಲಾಟ್‌ಫಾರ್ಮ್ ನಮ್ಮ ಹುಡುಗರಿಗೆ ಇಂದು ಬಳಕೆಯಾಗುತ್ತಿರುವುದು ಊರು ಬಿಟ್ಟು ಹೋಗುವುದಕ್ಕೆ!

ಇನ್ನೊಂದು ಸಂಗತಿ ಕೇಳಿ. ಇನ್ಫೋಸಿಸ್ ಸಂಸ್ಥೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಭರ್ಜರಿ ಕ್ಯಾಂಪಸ್ ಕಟ್ಟಿತು. ಕಟ್ಟಡ ಎದ್ದು ನಿಂತ ಮೇಲೂ ವರ್ಷಗಟ್ಟಲೆ ಊರಿನವರು "ಒಳಗೆ ಜನ ಯಾವಾಗ?" ಎಂದು ಕೇಳುತ್ತಲೇ ಇದ್ದರು. ಕೊನೆಗೆ 2024ರಲ್ಲಿ ಕಂಪನಿಯೇ ತನ್ನ ನೌಕರರಿಗೆ, ಹುಬ್ಬಳ್ಳಿಗೆ ಹೋದರೆ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಕೊಡುತ್ತೇವೆ ಎಂದು ಪ್ರಕಟಿಸಬೇಕಾಯಿತು. ಕಂಪನಿಯನ್ನು ಇಲ್ಲಿ ಬೈಯುತ್ತಿಲ್ಲ. ಕೈಯಿಂದ ಹಣ ಕೊಟ್ಟಾದರೂ ಜನರನ್ನು ಕಳಿಸಲು ಹೊರಟಿತಲ್ಲ, ಅದು ಮೆಚ್ಚುವಂಥದ್ದೇ. ಆದರೆ ಯೋಚಿಸಿ: ಕನ್ನಡದ ಎರಡನೇ ದೊಡ್ಡ ನಗರಕ್ಕೆ, ಕನ್ನಡ ನೆಲದಲ್ಲೇ ಬೆಳೆದ ಕಂಪನಿಯ ನೌಕರ ಹೋಗಲು ಲಂಚದಂತೆ ಹಣ ಕೊಡಬೇಕಾದ ಸ್ಥಿತಿ ಬಂದದ್ದು ಹೇಗೆ?

ಹೇಗೆಂದರೆ, ಕಟ್ಟಡ ಬಂದರೆ ಊರು ಬರುವುದಿಲ್ಲ. ಒಂದು ಕಂಪನಿ ಬಿಟ್ಟರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಕೆಲಸ ಸಿಗುತ್ತದೆ ಎಂಬ ಧೈರ್ಯ ಬೆಂಗಳೂರಿನಲ್ಲಿದೆ, ಇಲ್ಲಿ ಇಲ್ಲ. ಗಂಡನಿಗೆ ಕೆಲಸ ಸಿಕ್ಕರೆ ಹೆಂಡತಿಗೂ ಸಿಗಬೇಕಲ್ಲ? ತೀರ್ಮಾನ ಮಾಡುವ ದೊಡ್ಡ ಹುದ್ದೆಗಳನ್ನೆಲ್ಲ ಬೆಂಗಳೂರಿನಲ್ಲಿಟ್ಟುಕೊಂಡು ಕೆಳಗಿನ ಕೆಲಸವನ್ನಷ್ಟೇ ಇತ್ತ ದೂಡಿದರೆ, ಮೇಲೇರಬೇಕೆನ್ನುವ ತರುಣ ಮತ್ತೆ ಬಸ್ಸು ಹತ್ತುತ್ತಾನೆ. ಇದ್ದ ಕೇಂದ್ರ ಕಚೇರಿಯೂ ನಿಲ್ಲುತ್ತಿಲ್ಲ. ಧಾರವಾಡದಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿ 2025ರ ಮೇ ತಿಂಗಳ ವಿಲೀನದಲ್ಲಿ ಬಳ್ಳಾರಿಯ ಪಾಲಾಯಿತು. ಬಳ್ಳಾರಿಯೂ ನಮ್ಮದೇ, ಅಣ್ಣತಮ್ಮಂದಿರ ಜಗಳ ಬೇಡ. ಆದರೆ ಹೊಸದನ್ನು ಕರೆತರುವ ಅಬ್ಬರದಲ್ಲಿ ಇದ್ದದ್ದು ಹೋಗುವಾಗ ನಮ್ಮ ಜನಪ್ರತಿನಿಧಿಗಳ ಬಾಯಿಂದ ಗಟ್ಟಿ ದನಿ ಬರಲಿಲ್ಲ ಎಂಬುದನ್ನು ಮರೆಯಬಾರದು.

ಬೆಂಗಳೂರಿನ ನಮ್ಮ ಓದುಗ ಮಿತ್ರರಿಗೂ ಒಂದು ಮಾತು. ಬೇಸರ ಮಾಡಿಕೊಳ್ಳಬೇಡಿ. ಸರ್ಕಾರಿ ನೌಕರನನ್ನು ಉತ್ತರ ಕರ್ನಾಟಕಕ್ಕೆ ವರ್ಗ ಮಾಡಿದರೆ "ಏನು ತಪ್ಪು ಮಾಡಿದ ಪಾಪ" ಎನ್ನುವವರು ನಮ್ಮವರೇ. ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಲಿ ಎಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದದ್ದು ಸರಿ, ನ್ಯಾಯ. ಆದರೆ ಅಂಗಡಿ ಫಲಕಕ್ಕೆ ನಿಂತಷ್ಟು ಗಟ್ಟಿಯಾಗಿ ಅಂಗಡಿಯೇ ಕನ್ನಡಿಗನದಾಗಲಿ ಎಂದು ನಾವು ನಿಂತೆವೇ? ಒಬ್ಬ ತರುಣ ಧಾರವಾಡದಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ ತೆರೆದರೆ, ಹುಬ್ಬಳ್ಳಿಯಲ್ಲಿ ರೊಟ್ಟಿ ಕಾರ್ಖಾನೆ ಇಟ್ಟರೆ, ಅವನಿಗೆ ಮೊದಲ ಗಿರಾಕಿ ನಾವಾದೆವೇ? ಕನ್ನಡದ ಮಾರುಕಟ್ಟೆ ಆರು ಕೋಟಿಗೂ ಮೀರಿದ ಜನರದ್ದು. ಆ ಮಾರುಕಟ್ಟೆಯ ಭಾಷೆ, ರುಚಿ, ಲೆಕ್ಕ, ನಂಬಿಕೆ ಬಲ್ಲವನು ಹೊರಗಿನಿಂದ ಬರಬೇಕಾಗಿಲ್ಲ. ಅವನು ಈಗಾಗಲೇ ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ ಕೂತು ಬೆಂಗಳೂರಿನ ಸಂದರ್ಶನಕ್ಕೆ ತಯಾರಿ ನಡೆಸಿದ್ದಾನೆ.

ಈಗ ಮುಖ್ಯ ಮಾತಿಗೆ ಬರೋಣ. ಯಾರಿಗೆ ಕೆಲಸ?

ಕನ್ನಡಿಗರಿಗೆ ಉದ್ಯೋಗ ಎಂದೊಡನೆ ಎಲ್ಲರ ಬಾಯಲ್ಲೂ ಬರುವ ಹೆಸರು ಡಾ. ಸರೋಜಿನಿ ಮಹಿಷಿ. ಅವರು ಎಲ್ಲಿಯವರು ಎಂಬುದು ಎಷ್ಟು ಜನಕ್ಕೆ ನೆನಪಿದೆ? ಧಾರವಾಡದ ಹೆಣ್ಣುಮಗಳು! 1962ರಿಂದ ನಾಲ್ಕು ಸಲ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಗೆದ್ದವರು, ಕೇಂದ್ರದಲ್ಲಿ ಸಚಿವೆಯಾದವರು. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, 1986ರಲ್ಲಿ ಪೂರ್ಣ ವರದಿ ಬಂತು, 58 ಶಿಫಾರಸು. ಕನ್ನಡಿಗ ಎಂದರೆ ಯಾರು ಎಂಬುದನ್ನೂ ಜಾತಿ ನೋಡದೆ, ಮನೆಮಾತು ನೋಡದೆ ಹೇಳಿದ ವರದಿ ಅದು: ಹದಿನೈದು ವರ್ಷ ಈ ನೆಲದಲ್ಲಿ ಬಾಳಿ, ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವನು ಕನ್ನಡಿಗ. ಇದಕ್ಕಿಂತ ಉದಾರ ಮಾತು ಇನ್ನೇನು ಬೇಕು? ಸರ್ಕಾರ 45 ಶಿಫಾರಸು ಒಪ್ಪಿಕೊಂಡಿತು. ಒಪ್ಪಿಕೊಂಡು ಬೀರುವಿನಲ್ಲಿಟ್ಟಿತು. 2015ರ ಜನವರಿಯಲ್ಲಿ ಆ ತಾಯಿ ತೀರಿಕೊಂಡಾಗ ಸಂತಾಪ ಸೂಚಿಸಿದವರೆಲ್ಲ ಆ ಬೀರುವಿನ ಬೀಗ ತೆಗೆಯಬಹುದಾಗಿದ್ದವರೇ. ಈಗ ಅವರ ಊರನ್ನೇ ಜಗತ್ತಿಗೆ ತೋರಿಸುವಾಗ ಅವರ ವರದಿಯ ಒಂದು ಸಾಲಾದರೂ ಮುಂದಿಡಬಾರದೆ?

2024ರ ಜುಲೈ ನಾಟಕ ನಿಮಗೆ ನೆನಪಿರಬೇಕು. ಖಾಸಗಿ ಉದ್ದಿಮೆಗಳ ಆಡಳಿತ ವರ್ಗದಲ್ಲಿ ಶೇಕಡ 50, ಉಳಿದ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗುಡುಗಿದರು. ಎರಡೇ ದಿನದಲ್ಲಿ ಮಸೂದೆಗೆ ತಡೆ! ಅದೇ ಹೊತ್ತಿನಲ್ಲಿ ಆಂಧ್ರದ ಸಚಿವ ನಾರಾ ಲೋಕೇಶ್ "ನಮ್ಮ ವಿಶಾಖಪಟ್ಟಣಕ್ಕೆ ಬನ್ನಿ" ಎಂದು ಕರೆದರು. ನಮ್ಮವರು ಬೆವರಿದರು. ಆಂಧ್ರದಲ್ಲೇ 2019ರಲ್ಲಿ, ಹಿಂದಿನ ಸರ್ಕಾರದ ಕಾಲದಲ್ಲಿ, ಸ್ಥಳೀಯರಿಗೆ ಶೇಕಡ 75 ಎಂಬ ಕಾಯ್ದೆ ಪಾಸಾಗಿತ್ತು ಎಂಬುದನ್ನು ಹೇಳುವ ಗಂಡೆದೆ ಒಬ್ಬ ಮಂತ್ರಿಗೂ ಇರಲಿಲ್ಲ.

ಕಾನೂನಿನ ತೊಡಕು ಇಲ್ಲ ಎನ್ನುತ್ತಿಲ್ಲ. ಹರಿಯಾಣದ ಶೇಕಡ 75ರ ಕಾಯ್ದೆಯನ್ನು 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು ರದ್ದು ಮಾಡಿದೆ. ತನ್ನ ದುಡ್ಡಲ್ಲಿ ನೆಲ ಕೊಂಡು ಕಾರ್ಖಾನೆ ಇಟ್ಟವನಿಗೆ ಇಂಥವರನ್ನೇ ತೆಗೆದುಕೋ ಎನ್ನುವುದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟವೇ. ಆದರೆ ರೈತನ ಹೊಲ ಸ್ವಾಧೀನ ಮಾಡಿಕೊಂಡು, ರಿಯಾಯಿತಿಯಲ್ಲಿ ಕೊಟ್ಟು, ಶುಲ್ಕ ಮಾಫಿ ಮಾಡಿ, ರಸ್ತೆ ನೀರು ಕರೆಂಟು ಕೊಡುವಾಗ ಒಂದು ಷರತ್ತು ಹಾಕುವುದು ಬೇರೆ ಮಾತು. ಇದು ಕೊಡು-ಕೊಳ್ಳುವ ವ್ಯವಹಾರ. ಆ ಷರತ್ತು ಹೊಸದೂ ಅಲ್ಲ! 2020-25ರ ಕೈಗಾರಿಕಾ ನೀತಿಯಲ್ಲೇ ಇತ್ತು: ರಿಯಾಯಿತಿ ಪಡೆಯುವ ಉದ್ದಿಮೆ ಒಟ್ಟಾರೆ ಶೇಕಡ 70, 'ಡಿ' ಗುಂಪಿನಲ್ಲಿ ಶೇಕಡ 100 ಕನ್ನಡಿಗರನ್ನು ತೆಗೆದುಕೊಳ್ಳಬೇಕು. ಬರೆದಿಟ್ಟರು. ಎಣಿಸಿದವರು ಯಾರು? ಎಣಿಸಿ ಫಲಕ ಹಾಕಿದ್ದನ್ನು ನೀವು ಯಾವ ಕಾರ್ಖಾನೆಯ ಗೇಟಿನಲ್ಲಾದರೂ ನೋಡಿದ್ದೀರಾ? 2025ರಲ್ಲಿ ಹೊಸ ನೀತಿ ಬಂದ ಮೇಲೂ ಕೇಳಬೇಕಾದ ಪ್ರಶ್ನೆ ಇದೇ.

ಎಣಿಸದಿದ್ದರೆ ಏನಾಗುತ್ತದೆ ಎಂಬುದು ಗೊತ್ತಿರುವ ಕಥೆ. ಗೇಟಿನಲ್ಲಿ ಕಾವಲಿಗೆ ನಿಂತವನು ಕನ್ನಡಿಗ, ಕಸ ಗುಡಿಸುವವಳು ಕನ್ನಡತಿ, ಗುತ್ತಿಗೆದಾರನ ಪಟ್ಟಿಯಲ್ಲಿ ಆರಾರು ತಿಂಗಳಿಗೆ ಹೆಸರು ಬದಲಾಗುವ ಕೂಲಿ ಕನ್ನಡಿಗ. ಒಳಗಿನ ಸೂಚನಾ ಫಲಕ, ಸುರಕ್ಷತೆಯ ನಿಯಮ, ಸಂಬಳದ ಚೀಟಿ ಯಾವುದೂ ಕನ್ನಡದಲ್ಲಿಲ್ಲ. ಯಂತ್ರಕ್ಕೆ ಕೈ ಸಿಕ್ಕಿಸಿಕೊಳ್ಳಬೇಡ ಎಂಬ ಎಚ್ಚರಿಕೆಯನ್ನು ಅವನಿಗೆ ಓದಲು ಬಾರದ ಭಾಷೆಯಲ್ಲಿ ಬರೆಯುವುದು ಯಾವ ನ್ಯಾಯ ಸ್ವಾಮಿ? ಹೊಲ ಕೊಟ್ಟ ಮುಮ್ಮಿಗಟ್ಟಿಯ ರೈತನ ಮಗ ಐಟಿಐ ಓದಿದ್ದರೆ, ಅವನಿಗೆ ಆ ಯಂತ್ರ ಕಲಿಸಿ ಒಳಗೆ ಕೂರಿಸಿ. ಕಲಿಯಲಾರ ಎಂದು ಕಲಿಸದೆಯೇ ಹೇಳಬೇಡಿ. ಹೊರಗಿನಿಂದ ಬಂದು ದುಡಿಯುವ ಬಡವನ ಮೇಲೆ ನಮಗೆ ಸಿಟ್ಟಿಲ್ಲ, ಅವನೂ ಹೊಟ್ಟೆಪಾಡಿಗೆ ಬಂದವನೇ. ಬಂದವನು ಕನ್ನಡ ಕಲಿಯುವಂತೆ ಮಾಡುವುದು ಹುಬ್ಬಳ್ಳಿಯಂಥ ಊರಿಗೆ ಕಷ್ಟವೂ ಅಲ್ಲ. ಸಿಟ್ಟು ಇರುವುದು ಸಹಿ ಹಾಕಿದ ಷರತ್ತನ್ನು ಮರೆತ ಕುರ್ಚಿಗಳ ಮೇಲೆ.

ಇನ್ನು ಇದ್ದ ಉದ್ಯೋಗವನ್ನು ನಾವು ಹೇಗೆ ನೋಡಿಕೊಂಡೆವು? ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಬನ್ನಿ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಮಾನಕ ಸಂಸ್ಥೆಯ ಗುರುತು ಪಡೆದು ದೇಶಕ್ಕೆ ಖಾದಿ ರಾಷ್ಟ್ರಧ್ವಜ ಹೊಲಿದು ಕೊಡುವ ಘಟಕ. ಬಾಗಲಕೋಟೆ ಸೀಮೆಯ ಮಗ್ಗದಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಹಚ್ಚಿಸಿಕೊಂಡು, ಅಳತೆಗೆ ತಕ್ಕಂತೆ ಕತ್ತರಿಸಿಕೊಂಡು, ನಡುವೆ ಚಕ್ರ ಮುದ್ರಿಸಿಕೊಂಡು ಬಾವುಟವಾಗುತ್ತದೆ. ದುಡಿಯುವವರು ಬಹುಪಾಲು ಹೆಣ್ಣುಮಕ್ಕಳು. ನೂಲಿನ ಲೆಕ್ಕದಲ್ಲಿ, ಬಣ್ಣದಲ್ಲಿ, ಹೊಲಿಗೆಯಲ್ಲಿ ಕೂದಲೆಳೆ ತಪ್ಪಿದರೂ ಬಾವುಟ ತಿರಸ್ಕೃತ. ಅಂಥ ಕಸುಬು! 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಧ್ವಜ ಸಂಹಿತೆ ತಿದ್ದಿ, ಪಾಲಿಯೆಸ್ಟರ್ ಬಾವುಟಕ್ಕೂ ಯಂತ್ರದ ಬಾವುಟಕ್ಕೂ ದಾರಿ ಬಿಟ್ಟಿತು. ಸ್ವಾತಂತ್ರ್ಯದ 75ನೇ ವರ್ಷ, ಮನೆಮನೆಯಲ್ಲೂ ಬಾವುಟ ಹಾರಿದ ವರ್ಷ, ಬೆಂಗೇರಿಯ ಹೆಣ್ಣುಮಕ್ಕಳ ಕೈಗೆ ಕೆಲಸ ಕಡಿಮೆ! ಹುಬ್ಬಳ್ಳಿ ಎಂದರೆ ದೇಶದ ಬಾವುಟ ಹೊಲಿದ ಊರು ಎನ್ನುವುದಕ್ಕಿಂತ ದೊಡ್ಡ ಜಾಹೀರಾತು ಯಾವ ಪುಸ್ತಿಕೆಗೆ ಸಿಗುತ್ತದೆ? ಧಾರವಾಡ ಪೇಡೆಗೆ, ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಪೇಡೆ ತನ್ನ ದಾರಿ ತಾನೇ ನೋಡಿಕೊಂಡಿತು. ಜಮಖಾನೆ ನೇಯುವ ಹೆಂಗಸರ ಸಂಖ್ಯೆ ಕರಗುತ್ತಿದೆ. ಸಾವಿರ ಕೋಟಿಯ ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವವರು ಈ ಮಗ್ಗಗಳ ಮುಂದೆಯೂ ಒಮ್ಮೆ ನಿಲ್ಲಲಿ.

ನೀರಿನ ಮಾತು ಎತ್ತದೆ ಇರುವುದು ಹೇಗೆ? 2008ರಲ್ಲೇ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಬಿಟ್ಟು ದೇಶಕ್ಕೇ ಮಾದರಿ ಎನಿಸಿಕೊಂಡರು. ಪಕ್ಕದ ಬಡಾವಣೆಯಲ್ಲಿ ಮಾತ್ರ ನೀರು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂತರು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ತೀರ್ಪು ಕೊಟ್ಟು ಕಳಸಾ-ಬಂಡೂರಿಗೆ 3.9 ಟಿಎಂಸಿ ನೀರು ಹಂಚಿತು. ತೀರ್ಪು ಕಾಗದದಲ್ಲಿದೆ, ನೀರು ಮಲಪ್ರಭೆಗೆ ಬಂದಿಲ್ಲ. ಹೂಡಿಕೆದಾರ ಮೊದಲು ಕೇಳುವುದೇ ನೀರು. ಅವನಿಗೆ ಕೊಡುವ ನೀರನ್ನು ನವಲಗುಂದದ ರೈತನ ಕಾಲುವೆಯಿಂದಲೇ ತಿರುಗಿಸುವ ಜಾಣತನಕ್ಕೆ ಯಾರೂ ಕೈಹಾಕದಿರಲಿ. 1980ರಲ್ಲಿ ನರಗುಂದ ನವಲಗುಂದದಲ್ಲಿ ಏನಾಯಿತು ಎಂಬುದನ್ನು ವಿಧಾನಸೌಧದ ಹಳಬರು ಮರೆತಿರಲಿಕ್ಕಿಲ್ಲ.

ಹಾಗಾದರೆ ತರುಣರು ಏನು ಮಾಡಬೇಕು? ಮೆರವಣಿಗೆ ಆಮೇಲೆ ಮಾಡೋಣ. ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ, ಧಾರವಾಡದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ. ನಿಮ್ಮ ಊರು ಮೈಸೂರೋ ತುಮಕೂರೋ ಕಲಬುರಗಿಯೋ ಆಗಿದ್ದರೆ ಅಲ್ಲಿನ ಕೇಂದ್ರಕ್ಕೆ. ಕೇಳಬೇಕಾದದ್ದು ಇಷ್ಟೇ: 2020ರಿಂದ ಈಚೆಗೆ ಕೈಗಾರಿಕಾ ನೀತಿಯ ರಿಯಾಯಿತಿ ಪಡೆದ ಉದ್ದಿಮೆಗಳು ಯಾವುವು, ಒಂದೊಂದರಲ್ಲೂ ಒಟ್ಟು ನೌಕರರೆಷ್ಟು, ಅವರಲ್ಲಿ ಕನ್ನಡಿಗರೆಷ್ಟು, ಷರತ್ತು ಪಾಲಿಸಿದ್ದಾರೆಯೇ ಎಂದು ತಪಾಸಣೆ ಮಾಡಿದ ವರದಿಯ ಪ್ರತಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಮೀರಿದರೆ ಅದೇ ನೆಪ ಹಿಡಿದು ವಾಪಸು ಕಳಿಸುತ್ತಾರೆ. ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ಅರ್ಜಿ ಕನ್ನಡದಲ್ಲೇ ಇರಲಿ, ಉತ್ತರವೂ ಕನ್ನಡದಲ್ಲೇ ಬೇಕು ಎಂದು ಕೊನೆಯ ಸಾಲಿನಲ್ಲಿ ಬರೆಯಿರಿ. ಬಂದ ಉತ್ತರದ ಪ್ರತಿಯೊಂದನ್ನು ನಿಮ್ಮ ಬಡಾವಣೆಯಲ್ಲಿ ಈ ಪತ್ರಿಕೆ ಹಂಚುವ ಗೆಳೆಯರ ಕೈಗೆ ಕೊಡಿ. ಉತ್ತರ ಬಾರದಿದ್ದರೆ ಅರ್ಜಿಯ ಪ್ರತಿಯನ್ನೇ ಕೊಡಿ, ತಾರೀಖಿನ ಸಮೇತ ಅಚ್ಚು ಹಾಕುತ್ತೇವೆ.